ಬಿಟ್ಟುಕೊಡದ ಆಟಗಾರ

ಬ್ಯಾಸ್ಕೆಟ್‌ಬಾಲ್ ತಂಡದ ಸೆಂಟರ್ ಆಟಗಾರ ರೋಹಿದಾಸನನ್ನು ಪಕ್ಕದ ಊರಿನ ಕ್ಲಬ್ಬಿಗೆ ಬಿಟ್ಟುಕೊಟ್ಟು, ಬದಲಿಗೆ ಅವರ ಆಟಗಾರನೊಬ್ಬನನ್ನು ಕರೆಸಿಕೊಳ್ಳಬೇಕೆಂದು ಸಮಿತಿಯವರು ಪಟ್ಟು ಹಿಡಿದಿದ್ದರು. ಕೋಚ್ ಪೂವಯ್ಯ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

"ಎರಡು ಮ್ಯಾಚ್ ಆಡಿದ್ರೆ ಮಂಡಿ ಊದಿಸ್ಕೊಂಡು ಮಲಗ್ತಾನೆ. ಅಂಥವನನ್ನ ಅವರಾಗೇ ಕೇಳ್ತಿರೋವಾಗ ಕೊಟ್ಟುಬಿಡೋದಲ್ವಾ ಪೂವಯ್ಯನವರೇ?" ಎಂದರು ಕಾರ್ಯದರ್ಶಿ.

"ಹೋದ ವರ್ಷ ಫೈನಲ್ ಗೆಲ್ಲಿಸಿದ್ದು ಯಾರು? ಇಂಜೆಕ್ಷನ್ ತಗೊಂಡು, ಕುಂಟ್ತಾ ಕುಂಟ್ತಾ ಕೊನೇವರೆಗೂ ಆಡಿದ. ನಾನು ಆಡು ಅಂದಾಗ ಒಂದು ದಿನವೂ ಆಗಲ್ಲ ಅಂದವನಲ್ಲ. ಅವನನ್ನ ಕಳಿಸೋದಾದ್ರೆ ನನ್ನನ್ನೂ ಕಳಿಸಿ."

ಕೋಚ್‌ನನ್ನು ಕಳೆದುಕೊಳ್ಳುವ ಧೈರ್ಯ ಸಮಿತಿಗಿರಲಿಲ್ಲ. ಕೊನೆಗೆ ಕಾರ್ಯದರ್ಶಿ ಆ ಕ್ಲಬ್ಬಿಗೆ ಫೋನು ಮಾಡಿ, ಆಗುವುದಿಲ್ಲ ಎಂದು ಹೇಳಿಬಿಟ್ಟರು.

ಎಷ್ಟೋ ದಿನಗಳಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದಂತಾಗಿ ಪೂವಯ್ಯ ನೇರವಾಗಿ ಅಂಕಣಕ್ಕೆ ನಡೆದರು. ರೋಹಿದಾಸ ಮೆಟ್ಟಿಲ ಮೇಲೆ ಕೂತು ಮಂಡಿಗೆ ಐಸ್ ಒತ್ತಿಕೊಳ್ಳುತ್ತಿದ್ದ.

"ನಿನ್ನನ್ನ ಎಲ್ಲಿಗೂ ಕಳಿಸಲ್ಲ ಕಣೋ. ಜಗಳ ಆಡಿ ಉಳಿಸ್ಕೊಂಡಿದೀನಿ. ಭಾನುವಾರದ ಮ್ಯಾಚಿಗೆ ರೆಡಿಯಾಗು."

ಹುಡುಗ ತಲೆಯೆತ್ತಲಿಲ್ಲ. ಪೂವಯ್ಯ ಪಕ್ಕದಲ್ಲಿ ಕೂತು ಅವನ ಬೆನ್ನ ಮೇಲೆ ಕೈಯಿಟ್ಟರು.

"ಯಾಕೋ, ಖುಷಿಯಾಗಲಿಲ್ವಾ?"

ರೋಹಿದಾಸ ಐಸನ್ನು ಪಕ್ಕಕ್ಕಿಟ್ಟ. ಆಮೇಲೆ ಮೆಲ್ಲಗೆ ಹೇಳಿದ:

"ನನ್ನನ್ನ ಕರೆಸ್ಕೊಳ್ಳಿ ಅಂತ ಆ ಕ್ಲಬ್ಬಿನವರನ್ನ ಬೇಡ್ಕೊಂಡಿದ್ದು ನಾನೇ, ಸರ್. ಮಂಡಿ ವಾಸಿಯಾಗೋವರೆಗೂ ಆಡಿಸಲ್ಲ ಅಂತ ಮಾತು ಕೊಟ್ಟಿದ್ರು."