ಸೋಲೋದ್ರಾಗ ಐತಿ ಎಲ್ಲಾ

ಆ ಮನೆಯಲ್ಲಿ ಯಾರೋ ಹಗಲೆಲ್ಲ ಸೋಲುತ್ತಿದ್ದರು.

ಮಾಣಿಕಪ್ಪನವರ ಪಡಸಾಲೆಯಲ್ಲಿ ಕುಳಿತ ಸುಮಂಗಲಾ ಲ್ಯಾಪ್‌ಟಾಪಿನ ಪರದೆಯನ್ನು ಇನ್ನೊಮ್ಮೆ ನೋಡಿದಳು. ಅಂಗೈಯಗಲದ ಆಟದ ಯಂತ್ರ ತನ್ನ ಹೊಟ್ಟೆಯಲ್ಲಿದ್ದ ಲೆಕ್ಕವನ್ನೆಲ್ಲ ಒಪ್ಪಿಸಿತ್ತು. ಸಾವಿರಾರು ಆಟ. ಒಂದೂ ಮೊದಲ ಹಂತ ದಾಟಿಲ್ಲ. ರಾತ್ರಿ ಆಡಿದ್ದೇ ಇಲ್ಲ. ಬಿಸಿಲೇರಿದರೆ ಶುರು, ಇಳಿದರೆ ಬಂದ್.

ಯಂತ್ರದ ಹೆಸರು ಬುಗುರಿ. ಸುಮಂಗಲಾಳ ಮೂರು ವರ್ಷದ ದುಡಿಮೆ. ಮೆಹದಿಪಟ್ಟಣಂನ ಎರಡು ಕೋಣೆಯ ಕಂಪನಿಯಲ್ಲಿ ಅದು ಕಣ್ಣು ಬಿಡುವಷ್ಟರಲ್ಲಿ ಅಬಿಡ್ಸ್ ಪೇಟೆಯ ಅಂಗಡಿಗಳು ವಿದೇಶಿ ಯಂತ್ರಗಳಿಂದ ತುಂಬಿಹೋಗಿದ್ದವು. ಅವನ್ನು ಕೊಳ್ಳಲಾರದವರ ಕೈಗೆ ಮೊಬೈಲ್ ಬಂದಿತ್ತು, ಅದರೊಳಗೇ ಆಟವೂ ಬಂದಿತ್ತು. ಕಂಪನಿಯ ಯಜಮಾನ, ರಾಯಚೂರಿನ ಸಾಯಿಕುಮಾರ, ಕಡ್ಡಿ ಮುರಿದಂತೆ ಹೇಳಿದ್ದ: "ಪಂಗತಿ ಎದ್ದ ಮ್ಯಾಲೆ ಎಲಿ ಹಾಕ್ಕೊಂಡು ಕುಂತಂಗ ಆಗೇತಿ ನಮ್ಮ ಕತಿ. ಬಿಡದ ಆಡೋ ಒಂದು ಮನಿ ತೋರ್ಸವ್ವ. ಇಲ್ಲಂದ್ರ ಬುಗುರಿ ಬಂದ್, ನೀನು ಬ್ಯಾರೆ ಕೆಲಸ ನೋಡ್ಕೊ."

ಬೇಸಿಗೆ ರಜೆ ನೋಡಿ, ರಕ್ಷಣಾ ಕಾರ್ಖಾನೆಯೊಂದರ ಕಾಲೊನಿಯಲ್ಲಿ ಹತ್ತು ಮನೆಗೆ ಹತ್ತು ಬುಗುರಿ ಹಂಚಿದ್ದಳು. ಒಂಬತ್ತು ಮನೆಯ ಮಕ್ಕಳು ಎರಡೇ ದಿನಕ್ಕೆ ಮೂಲೆಗೆ ಬಿಸಾಕಿದ್ದರು. ಮಕ್ಕಳನ್ನು ಹೆತ್ತವರಿಗೆ ಇದೇನೂ ಹೊಸ ಸುದ್ದಿಯಲ್ಲ. ದೂರು ಮಾತ್ರ ಎಲ್ಲರದೂ ಒಂದೇ. ಪರದೆಯ ಗಾಳಿಪಟ ಕರೆಂಟಿನ ತಂತಿಗೆ ಸಿಕ್ಕಿ ಆಟ ಸೋತರೆ, ಯಂತ್ರ ಬಾಲ ತುಳಿಸಿಕೊಂಡ ನಾಯಿಯಂತೆ ಊಳಿಡುತ್ತಿತ್ತು.

ಹತ್ತನೆಯದು ಈ ಮನೆ. ಇಲ್ಲಿ ಮಕ್ಕಳೇ ಇರಲಿಲ್ಲ.

"ರಜಾಕ್ಕ ಮೊಮ್ಮಕ್ಕಳು ಬರ್ತಾರಂತ ಇಸ್ಕೊಂಡಿದ್ವಿ," ಎಂದಳು ಮಾಣಿಕಪ್ಪನವರ ಹೆಂಡತಿ ಗೋದಾಬಾಯಿ. "ಅವ್ರು ಗೋವಾಕ್ಕ ಹೋದ್ರು. ಚಲೋನ ಆತು ಬಿಡ್ರಿ. ಬಂದಿದ್ರ ನನ್ನ ಕೈಗೆ ಸಿಗ್ತಿರ್ಲಿಲ್ಲ."

"ಅಂದ್ರ ಆಡೋರು ನೀವೇನ್ರಿ?"

"ಮತ್ಯಾರು? ಇವ್ರೇನು?"

ಮಾಣಿಕಪ್ಪನವರು ದಿವಾನದ ಮೇಲೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು.

"ಹ್ವಾದ ಬ್ಯಾಸಿಗ್ಯಾಗ ಪಾಪ, ಮಧ್ಯಾಹ್ನ ಕಣ್ಣು ಮುಚ್ಚಿದೋರಲ್ಲ. ಇದು ಮನಿಗೆ ಬಂತು ನೋಡ್ರಿ, ಇವ್ರಿಗೆ ನಿದ್ದಿ ಬಂತು."

ಬಾಗಿಲ ಹಿಂದೆ ಒರಗಿಸಿದ್ದ ಉದ್ದನೆಯ ಬಿದಿರುಕೋಲಿಗೆ ಜೇಡ ಬಲೆ ಕಟ್ಟಿತ್ತು. ಸುಮಂಗಲಾ ಯಂತ್ರವನ್ನು ಬೆಳಕಿಗೆ ಹಿಡಿದಳು. ಗಾಳಿಪಟ ತಿರುಗಿಸುವ ನಾಲ್ಕೂ ಗುಂಡಿಗಳು ಕೊಟ್ಟ ದಿನದ ಹಾಗೆಯೇ ಹೊಳೆಯುತ್ತಿದ್ದವು. 'ಶುರು' ಎಂಬ ಗುಂಡಿಯ ಅಕ್ಷರ ಮಾತ್ರ ಸವೆದು ನುಣ್ಣಗಾಗಿತ್ತು. ಸಂದಿಯಲ್ಲಿ ಒಣಗಿದ ಹಿಟ್ಟು.

"ಒಮ್ಮೆನೂ ಗೆದ್ದಿಲ್ಲಲ್ರಿ. ಬ್ಯಾಸರ ಆಗಂಗಿಲ್ಲೇನು?"

"ಗೆದ್ರ ಏನ್ ಬರ್ತೈತಿ ತಂಗಿ? ಸೋಲೋದ್ರಾಗ ಐತಿ ಎಲ್ಲಾ."

"ಮತ್ತ ಆ ಕೂಗು? ಕಿರಿಕಿರಿ..."

"ಆಗೋರಿಗೆ ಆಗ್ತೈತಿ. ಆಗ್ಲಿ!" ಗೋದಾಬಾಯಿ ನಗುತ್ತ ಕರಿದ ಸಂಡಿಗೆಯ ತಟ್ಟೆ ಮುಂದಿಟ್ಟಳು. "ತಗೋರಿ, ನಾಚಿಕಿ ಮಾಡಬ್ಯಾಡ್ರಿ. ಹ್ವಾದ ವರ್ಷ ಬಂದಿದ್ರ ಬರೇ ಚಹಾ ಸಿಗ್ತಿತ್ತು."

ಸುಮಂಗಲಾ ಮಲಗಿದ್ದ ಮಾಣಿಕಪ್ಪನವರನ್ನು ಮರುಕದಿಂದ ನೋಡಿದಳು. ಸಂಡಿಗೆ ಮಾತ್ರ ಬಹಳ ಗರಿಗರಿಯಾಗಿತ್ತು.

ಸಾಯಿಕುಮಾರ ವಿಷಯ ಕೇಳಿ ಕುರ್ಚಿಯಿಂದ ಎದ್ದೇಬಿಟ್ಟ.

"ಹುಚ್ಚಿ, ಇದಕ್ಕ ಯಾಕ ಮಾರಿ ಸಣ್ಣ ಮಾಡೀದಿ? ಸೋತ ಕೂಡ್ಲೆ ಮತ್ತ ಶುರು, ಸೋತ ಕೂಡ್ಲೆ ಮತ್ತ ಶುರು! ಇದಕ್ಕ ಚಟ ಅಂತಾರ. ಅಡಗಿ ಕೆಲಸದ ನಡುವ, ಹಿಟ್ಟಿನ ಕೈಯಾಗ! ಎಲ್ಲಾ ಕಂಪನಿಯೋರು ಹುಡುಗರ ಹಿಂದ ಬಿದ್ದಾರ. ಮನಿಯಾಗಿನ ಹೆಣ್ಮಕ್ಕಳನ್ನ ಯಾರೂ ನೋಡಿಲ್ಲ. ತಡಾ ಮಾಡಿ ಬಂದೋರಿಗೆ ಇದ ದಾರಿ."

"ನನಗ್ಯಾಕೋ ಅನುಮಾನ ಸರ್."

"ಅನುಮಾನ ಬಿಡು. ಮೊದಲು ಆ ನಾಯಿ ಕೂಗು ತಗಿ. ಸೋತೋರಿಗೆ ಸಮಾಧಾನ ಹೇಳಬೇಕು. ಮೆತ್ತಗ ಒಂದು ಕೊಳಲು ಹಾಕು."

"ಆಕಿಗೆ ಕೂಗಿಂದ ತೊಂದ್ರಿ ಇಲ್ಲಂತ್ರಿ."

"ಅಷ್ಟು ಕೆಟ್ಟ ಕೂಗಿಗೆ ಇಷ್ಟು ಆಡ್ಯಾಳಂದ್ರ, ಕೊಳಲಿಗೆ ಎಷ್ಟು ಆಡ್ಯಾಳು? ನೀನ ಹೇಳು!"

ಸುಮಂಗಲಾ ಲ್ಯಾಪ್‌ಟಾಪ್ ತೆರೆದು ಕೊಳಲಿನ ದನಿ ಹುಡುಕತೊಡಗಿದಳು. ಕೆಲಸ ಉಳಿದಿತ್ತು, ಅಷ್ಟು ಸಾಕಿತ್ತು. ಯಂತ್ರಗಳು ಮೊದಲೇ ಸಿದ್ಧವಾಗಿದ್ದವು. ಊಳು ಅಳಿಸಿ ಕೊಳಲು ತುಂಬುವುದೊಂದೇ ಬಾಕಿ. ಎರಡನೆಯ ಕೋಣೆಯಲ್ಲಿ ಡಬ್ಬಿಗಳು ಸೂರು ಮುಟ್ಟಿದವು. ಡಬ್ಬಿಯ ಮೇಲೆ ಸೀರೆಯುಟ್ಟ ಹೆಂಗಸೊಬ್ಬಳು ಒಲೆಯ ಪಕ್ಕ ನಿಂತು ಬುಗುರಿ ಹಿಡಿದು ನಗುತ್ತಿದ್ದಳು. ಮೊದಲ ಡಬ್ಬಿಯನ್ನು ಗೋದಾಬಾಯಿಗೆ ಉಡುಗೊರೆ ಕಳಿಸಿ, ಸವೆದ ಹಳೆಯದನ್ನು ವಾಪಸು ತರಿಸಿಕೊಂಡರು.

ವಾರ ತುಂಬುವ ಮೊದಲೇ, ಉರಿಬಿಸಿಲಲ್ಲಿ, ಗೋದಾಬಾಯಿ ಕಂಪನಿಯ ಮೆಟ್ಟಿಲು ಹತ್ತಿ ಬಂದಳು. ಹಿಂದೆ ಕಾಲೊನಿಯ ಹೆಂಗಸರ ದಂಡು. ಕೊನೆಯವರು ಇನ್ನೂ ಕೆಳಗೆ ಆಟೋದವನೊಂದಿಗೆ ತೆಲುಗಿನಲ್ಲಿ ಜಗಳವಾಡುತ್ತಿದ್ದರು.

ಸಾಯಿಕುಮಾರ ಸುಮಂಗಲಾಳನ್ನು ಮೊಣಕೈಯಿಂದ ತಿವಿದ. "ನೋಡಿದೇನು? ನಾವು ಅಂಗಡಿಗೆ ಹೋಗೂದ ಬ್ಯಾಡ. ಗಿರಾಕಿನ ಮೆಟ್ಟಿಲು ಹತ್ತಿ ಬಂದಾರ!"

"ಇವ್ರಿಗೆಲ್ಲಾರಿಗೂ ಒಂದೊಂದು ಬೇಕಂತ್ರಿ," ಎಂದಳು ಗೋದಾಬಾಯಿ.

"ಕೊಡೂಣ್ರಿ ಅಕ್ಕಾರ! ಎಷ್ಟು ಬೇಕೋ ಅಷ್ಟು!"

ಗೋದಾಬಾಯಿ ಹೊಸ ಬುಗುರಿಯನ್ನು ಮೇಜಿನ ಮೇಲೆ ಕುಕ್ಕಿದಳು. "ಇದಲ್ಲರೀ, ಹಳೇದು! ಅದು ಒದರಿದ್ರ ಮಾಳಗಿ ಮ್ಯಾಲೆ ಒಣಹಾಕಿದ ಸಂಡಿಗಿ ಬಿಟ್ಟು ಮಂಗ್ಯಾಗೋಳು ಓಡಿ ಹೋಗ್ತಿದ್ವು. ಈ ಕೊಳಲಿಗೆ ಸಾಲಾಗಿ ಕುಂತು, ಕೇಳ್ಕೋತ ತಿನ್ನಾಕತ್ತಾವು!"