ಹುಳುಮನೆಯ ಬೋರ್ಡು ಮಗಳ ಕೊರಳಿಗೆ

ರೇಷ್ಮೆ ಹುಳು ಸಾಕುವವರ ಮನೆಯಲ್ಲಿ ಯಾರೂ ಮುರಿಯದ ಒಂದು ನಿಯಮವಿದೆ...

ಹುಳು ಬೆಳೆಯುವಾಗ ಆಗಾಗ ತನ್ನ ಹಳೆಯ ಚರ್ಮವನ್ನು ಕಳಚುತ್ತದೆ. ಆ ಹೊತ್ತಿನಲ್ಲಿ ಅದು ಹಿಪ್ಪುನೇರಳೆ ಸೊಪ್ಪು ತಿನ್ನುವುದಿಲ್ಲ. ಅಲುಗಾಡದೆ, ತಲೆಯೆತ್ತಿ ಸುಮ್ಮನೆ ಕೂತಿರುತ್ತದೆ.

ಸಾಕುವವರು ಇದನ್ನು "ಹುಳು ಜ್ವರಕ್ಕೆ ಕೂತಿದೆ" ಎನ್ನುತ್ತಾರೆ. ಆಗ ಅದನ್ನು ಯಾರೂ ಮುಟ್ಟಬಾರದು. ಮುಟ್ಟಿದರೆ ಚರ್ಮ ಸರಿಯಾಗಿ ಕಳಚದೆ ಹುಳು ಸತ್ತೇ ಹೋಗಬಹುದು.

ಶಿಡ್ಲಘಟ್ಟದ ಸಮೀಪದ ಹಳ್ಳಿಯೊಂದರ ಸುಗುಣಾ ಈ ನಿಯಮದಲ್ಲಿ ಬಹಳ ಬಿಗಿ. ಹುಳು ಜ್ವರಕ್ಕೆ ಕೂತ ಕೂಡಲೇ ಹುಳುಮನೆಯ ಬಾಗಿಲಿಗೆ ಒಂದು ರಟ್ಟಿನ ಬೋರ್ಡು ನೇತುಹಾಕುತ್ತಿದ್ದಳು...

"ಜ್ವರಕ್ಕೆ ಕೂತಿದೆ. ಮುಟ್ಟಬೇಡಿ."

ಒಂದು ಬೆಳಿಗ್ಗೆ ಮಗಳು ಲಿಖಿತಾಳ ತಲೆ ಬಾಚುತ್ತಿದ್ದಾಗ ಅವಳ ಕೈ ಹಾಗೇ ನಿಂತಿತು... ಮಗಳ ಕತ್ತಿನ ಪಕ್ಕದಲ್ಲಿ ಒಂದು ಗಂಟು!

ಪಟ್ಟಣದ ಮಕ್ಕಳ ಡಾಕ್ಟರ್ ಫರ್ಹಾನಾ ಮೊದಲು ಮಾತ್ರೆ ಕೊಟ್ಟರು. ಗಂಟು ಕರಗಲಿಲ್ಲ. ಸೂಜಿಯಿಂದ ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳುಹಿಸಿದರು.

"ಏನು ಅಂತ ಈಗಲೇ ಹೇಳೋಕಾಗಲ್ಲ. ರಿಪೋರ್ಟ್ ಬರೋಕೆ ಒಂದು ವಾರ ಬೇಕು," ಎಂದರು.

ಆ ಒಂದು ವಾರವೇ ಸುಗುಣಾಗೆ ಬೆಟ್ಟವಾಯಿತು...

ಸೊಪ್ಪು ಕತ್ತರಿಸುವಾಗ ಎದ್ದು ಬಂದು ಮಗಳ ಕತ್ತನ್ನು ಒತ್ತಿ ನೋಡುವಳು. ಅನ್ನಕ್ಕೆ ಇಟ್ಟು ಬಂದು ನೋಡುವಳು. ಮಗಳು ಹೋಂವರ್ಕ್ ಬರೆಯುತ್ತಿದ್ದರೂ ಬಿಡುತ್ತಿರಲಿಲ್ಲ.

ಅವಳೊಬ್ಬಳೇ ಅಲ್ಲ... ಅತ್ತೆ ಪಾಪಮ್ಮನದೂ ಅದೇ ಕೆಲಸ. "ಎಲ್ಲಿ ಮಗಾ, ಕತ್ತು ತೋರ್ಸು. ಅಯ್ಯೋ, ನಿನ್ನೆ ಕಡ್ಲೆಕಾಳಷ್ಟಿತ್ತು, ಇವತ್ತು ಹುಣಸೆಬೀಜದಷ್ಟಾಗೈತೆ!"

ಪಕ್ಕದ ಮನೆಯ ರಾಧಮ್ಮನೂ ಒತ್ತಿ ನೋಡಿ ತೀರ್ಪು ಕೊಟ್ಟಳು. "ಹುಣಸೆಬೀಜ ಎಲ್ಲೈತಜ್ಜಿ? ಕನ್ನಡಕ ಹಾಕ್ಕೊಂಡು ನೋಡಿ, ಅವರೆಕಾಳಷ್ಟೈತೆ!"

ಮೂರನೇ ದಿನಕ್ಕೇ ಗಂಟು ಕೆಂಪಾಗಿ ಊದಿಕೊಂಡಿತು. ಮುಟ್ಟಿದರೆ ಲಿಖಿತಾ ಚೀರುತ್ತಿದ್ದಳು. ಸುಗುಣಾ ಮಗಳನ್ನು ಕರೆದುಕೊಂಡು ಆಸ್ಪತ್ರೆಗೆ ಓಡಿದಳು.

ಡಾಕ್ಟರ್ ನಿಧಾನವಾಗಿ ಪರೀಕ್ಷಿಸಿದರು. ಆಮೇಲೆ ತಾಯಿಯನ್ನು ಬಿಟ್ಟು ಮಗಳನ್ನೇ ಕೇಳಿದರು. "ಪುಟ್ಟಿ, ಇದನ್ನ ಯಾರ‍್ಯಾರು ಒತ್ತಿ ನೋಡ್ತಾರೆ?"

"ಅಮ್ಮ... ಅಜ್ಜಿ... ರಾಧಮ್ಮತ್ತೆ... ಹಾಲಿನ ಡೈರಿ ಅಂಕಲ್ಲೂ ಒಂದ್ಸಲ ನೋಡಿದ್ರು."

ಡಾಕ್ಟರ್ ನಕ್ಕುಬಿಟ್ಟರು. "ಇಷ್ಟು ಜನ ಇಷ್ಟು ಸಲ ಒತ್ತಿದ್ರೆ ಯಾವ ಜಾಗ ಆದ್ರೂ ಕೆಂಪಗಾಗುತ್ತೆ ಸುಗುಣಾ. ಈ ಊತ ಒತ್ತಿದ್ದರಿಂದ ಬಂದಿದ್ದು. ಒಳಗಿನ ವಿಷಯ ರಿಪೋರ್ಟ್ ಹೇಳುತ್ತೆ, ನಿಮ್ಮ ಬೆರಳು ಹೇಳಲ್ಲ. ಜ್ವರ ಬಂದ್ರೆ, ನೋವು ಹೆಚ್ಚಾದ್ರೆ ತಕ್ಷಣ ಬನ್ನಿ. ಇಲ್ಲದಿದ್ರೆ ಮುಟ್ಟಬೇಡಿ."

ಸುಗುಣಾ ತಲೆಯಾಡಿಸಿದಳು. ಆದರೆ ಬಸ್ಸಿನಲ್ಲಿ ಕೂತ ಕೂಡಲೇ ಅವಳ ಕೈ ತಾನಾಗಿಯೇ ಮಗಳ ಕತ್ತಿನತ್ತ ಹೋಯಿತು...

ಲಿಖಿತಾ ಕಿಟಕಿಯತ್ತ ಸರಿದು ಕೂತಳು. ಮನೆ ತಲುಪುತ್ತಲೇ ನೇರವಾಗಿ ಹುಳುಮನೆಯ ಕಡೆಗೆ ಹೋದಳು. ತಿರುಗಿ ಬಂದಾಗ ಆ ರಟ್ಟಿನ ಬೋರ್ಡು ಅವಳ ಕೊರಳಲ್ಲಿ ನೇತಾಡುತ್ತಿತ್ತು!

"ಏನೇ ಇದು?"

"ಹುಳ ಜ್ವರ ಬಿಟ್ಟು ಎದ್ದಾಯ್ತಲ್ಲಮ್ಮ, ಬೋರ್ಡು ಸುಮ್ನೆ ಇತ್ತು. ಈಗ ನನ್ನ ಸರದಿ."

ಪಾಪಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು. ಸುಗುಣಾಳಿಗೂ ನಗು ಬಂತು. ಆದರೆ ಮಗಳು ನಗುತ್ತಿರಲಿಲ್ಲ...

"ಅಮ್ಮಾ... ನೀನು ಮುಟ್ಟಿದಾಗೆಲ್ಲ ನಾನು ನಿನ್ನ ಮುಖ ನೋಡ್ತೀನಿ. ನಂಗೆ ಗಂಟಿಂದ ಭಯ ಆಗಲ್ಲ ಕಣಮ್ಮ. ನಿನ್ನ ಮುಖ ನೋಡಿ ಭಯ ಆಗುತ್ತೆ."

ಸುಗುಣಾ ಅಲ್ಲೇ ಜಗಲಿಯ ಮೇಲೆ ಕೂತಳು. ಇಷ್ಟು ದಿನ ತಡೆದಿದ್ದ ಕಣ್ಣೀರು ಹರಿಯಿತು...

ತಟ್ಟೆ ತಟ್ಟೆ ಹುಳುಗಳನ್ನು ಮುಟ್ಟದೆ ಕಾಯಬಲ್ಲ ತಾನು, ಹೆತ್ತ ಮಗಳನ್ನು ಹಾಗೆ ಕಾಯಲಿಲ್ಲವಲ್ಲ!

ಅಂದಿನಿಂದ ಆ ಮನೆಯ ರೀತಿಯೇ ಬದಲಾಯಿತು. ಮುಟ್ಟಿ ನೋಡಲು ಕೈ ತುರಿಸಿದಾಗಲೆಲ್ಲ ಸುಗುಣಾ ಹುಳುಮನೆಗೆ ಹೋಗಿ ಸೊಪ್ಪು ಹಾಕುತ್ತಿದ್ದಳು. ಮಗಳನ್ನೂ ಕರೆಯುತ್ತಿದ್ದಳು. ಹುಳುಗಳು ಸೊಪ್ಪು ತಿನ್ನುವ ಸದ್ದು, ತುಂತುರು ಮಳೆಯಂತೆ, ಇಬ್ಬರೂ ಕೇಳುತ್ತಾ ನಿಲ್ಲುತ್ತಿದ್ದರು.

ಭಯ ಹೋಗಿರಲಿಲ್ಲ... ಆದರೆ ಅದು ಅವಳ ಬೆರಳಿಗೆ ಇಳಿಯುತ್ತಿರಲಿಲ್ಲ, ಮುಖಕ್ಕೂ ಏರುತ್ತಿರಲಿಲ್ಲ.

ರಾಧಮ್ಮ ಮತ್ತೊಮ್ಮೆ ಕೈ ಚಾಚಿದಾಗ ಪಾಪಮ್ಮನೇ ಗದರಿದಳು. "ಏಯ್, ಬೋರ್ಡು ಓದಕ್ಕೆ ಬರಲ್ವಾ ನಿಂಗೆ? ಕನ್ನಡಕ ಹಾಕ್ಕೊಂಡು ನೋಡು!"

ರಿಪೋರ್ಟ್ ಬಂದ ದಿನ ಹುಳುಗಳು ಗೂಡು ಕಟ್ಟಲು ಶುರುಮಾಡಿದ್ದವು. ಕತ್ತಿನ ಕೆಂಪು ಅಷ್ಟರಲ್ಲಿ ಮಾಯವಾಗಿತ್ತು. ಆದರೂ ಡಾಕ್ಟರ್ ಲಕೋಟೆ ಬಿಚ್ಚುವಾಗ ಸುಗುಣಾ ಉಸಿರು ಬಿಗಿಹಿಡಿದಿದ್ದಳು...

"ಕೆಟ್ಟದ್ದೇನೂ ಇಲ್ಲ! ಯಾವುದೋ ಸೋಂಕಿಗೆ ಊದಿಕೊಂಡ ಸಾಮಾನ್ಯ ಗ್ರಂಥಿ. ತಾನಾಗಿಯೇ ಚಿಕ್ಕದಾಗುತ್ತೆ. ಮುಂದಿನ ತಿಂಗಳು ಒಮ್ಮೆ ತೋರಿಸಿ."

ಸುಗುಣಾ ಎರಡೂ ಕೈಗಳನ್ನು ಮಡಿಲಲ್ಲೇ ಬಿಗಿಯಾಗಿ ಕಟ್ಟಿಕೊಂಡು ಕೂತಿದ್ದಳು.

ಲಿಖಿತಾ ಆಸ್ಪತ್ರೆಗೂ ಹಾಕಿಕೊಂಡೇ ಬಂದಿದ್ದ ಬೋರ್ಡನ್ನು ನಿಧಾನವಾಗಿ ಕೊರಳಿನಿಂದ ತೆಗೆದು ಮೇಜಿನ ಮೇಲಿಟ್ಟಳು. ತಾಯಿಯ ಬಲಗೈಯನ್ನು ಬಿಡಿಸಿ, ತಾನೇ ತನ್ನ ಕೆನ್ನೆಯ ಮೇಲೆ ಇಟ್ಟುಕೊಂಡಳು.

"ಜ್ವರ ಬಿಡ್ತು ಕಣಮ್ಮ... ಈಗ ಮುಟ್ಟು."

✦

ಮಾಡಬೇಕಾದ ಪರೀಕ್ಷೆಯನ್ನು ತಪ್ಪದೆ ಮಾಡಿಸಿ. ಉತ್ತರ ಬರುವವರೆಗೆ ಮಗುವಿಗೆ ನಿಮ್ಮ ಭಯವನ್ನಲ್ಲ, ನಿಮ್ಮ ನೆಮ್ಮದಿಯ ಮುಖವನ್ನು ತೋರಿಸಿ.

ನೀವು ಇಂದು ಮತ್ತೆ ಮತ್ತೆ ಒತ್ತಿ ನೋಡುತ್ತಿರುವ ಗಂಟು ಯಾವುದು... ಅದಕ್ಕೂ ಒಂದು ಬೋರ್ಡು ನೇತುಹಾಕಬಹುದಲ್ಲವೇ?