ಅಮ್ಮ ಆರಿಸಿಕೊಂಡ ದೇವರು

"ಎಲ್ಲರನ್ನೂ ಕ್ಷಮಿಸಿಬಿಡ್ತಾನಾ? ಒಬ್ಬರನ್ನೂ ಬಿಡದೆ? ಹಾಗಾದ್ರೆ ಆ ದೇವರೂ ಬೇಡ ಬಿಡಿ ಮೇಷ್ಟ್ರೇ."

ಬಾಗಿಲು ತಳ್ಳಲು ಹೋದ ಮಗಳ ಕೈ ಅಲ್ಲೇ ನಿಂತಿತು. ಅಮ್ಮನ ಎಡಗಿವಿ ಮಗಳು ಹುಟ್ಟುವ ಮೊದಲೇ ಕೆಟ್ಟಿತ್ತು. ಜ್ವರ ಬಂದು ಕಿವಿ ಹೋಯಿತು ಎಂದು ಅಪ್ಪ ಹೇಳುತ್ತಿದ್ದರು. ಅಂದಿನಿಂದ ಅಮ್ಮನಿಗೆ ಮೆಲ್ಲಗೆ ಮಾತಾಡಲು ಬಾರದು. ಅವಳು ಗುಟ್ಟು ಹೇಳಿದರೆ ಪಕ್ಕದ ವಾರ್ಡಿಗೂ ಕೇಳಿಸುತ್ತಿತ್ತು.

ಇದು ಗುಣವಾಗಿ ಮನೆಗೆ ಹೊರಡುವವರ ಆಸ್ಪತ್ರೆಯಲ್ಲ. ಬಂದವರು ನರಳದೆ ಹೋಗಲಿ ಎಂಬಷ್ಟೇ ಇಲ್ಲಿಯ ಆಸೆ. ಮೇಷ್ಟ್ರು ಎಲ್ಲ ಮತದ ರೋಗಿಗಳಿಗೂ ಪ್ರಾರ್ಥನೆ ಹೇಳುವವರು; ಮೊದಲು ಕಾಲೇಜಿನಲ್ಲಿ ಲೋಕದ ಧರ್ಮಗಳನ್ನು ಪಾಠ ಮಾಡುತ್ತಿದ್ದರು. ನರ್ಸುಗಳು ಅವರಿಗೆ 'ದೇವರುಗಳ ಏಜೆಂಟು' ಎಂದು ಹೆಸರಿಟ್ಟಿದ್ದರು. ಇಲ್ಲೊಂದು ಪದ್ಧತಿಯಿತ್ತು. ಸತ್ತ ಮೇಲೆ ತನ್ನನ್ನು ಯಾವ ಮತದ ಪ್ರಕಾರ ಕಳುಹಿಸಿಕೊಡಬೇಕೆಂದು ರೋಗಿ, ಬುದ್ಧಿ ನೆಟ್ಟಗಿರುವಾಗಲೇ, ಮನೆಯವರ ಎದುರು ಬಾಯಿಬಿಟ್ಟು ಹೇಳಬೇಕು. ಹೇಳಿದರೆ ಮುಗಿಯಿತು. ಮನೆಯವರು ತಲೆಕೆಳಗಾಗಿ ನಿಂತರೂ ಅದು ಬದಲಾಗದು.

ಅಮ್ಮ ಹೇಳಬೇಕಾದದ್ದು ಇವತ್ತು ಮಧ್ಯಾಹ್ನ.

ಇದರಲ್ಲಿ ಯೋಚಿಸುವುದೇನಿತ್ತು? ಅಪ್ಪನ ದೇವರೇ ಮನೆಯ ದೇವರು. ವಾರದ ಪ್ರಾರ್ಥನೆಯಲ್ಲಿ ಅಪ್ಪ ಬಾಯಿ ತೆರೆದರೆ ಎಂಥವರ ಕಣ್ಣಲ್ಲೂ ನೀರು ಬರುತ್ತಿತ್ತು. ದೇವರಂಥ ಮನುಷ್ಯ ಎಂದು ಊರೇ ಹೇಳುತ್ತಿತ್ತು. ಅಂಥ ಅಪ್ಪನಿಂದ ಬಿಡಿಸಿ, ಓದುವ ನೆಪದಲ್ಲಿ ಮಗಳನ್ನು ದೂರದ ಹಾಸ್ಟೆಲಿಗೆ ಹಟ ಹಿಡಿದು ಕಳಿಸಿದವಳು ಅಮ್ಮ. ಅದನ್ನು ಮಗಳು ಇನ್ನೂ ಮರೆತಿರಲಿಲ್ಲ.

ಕಲ್ಲಿನಲ್ಲಿ ಅಕ್ಷರ ಕೆತ್ತುವುದು ಮಗಳ ಕಸುಬು. ಅಪ್ಪ ತೀರಿಕೊಂಡಾಗ ಸಮಾಧಿಗೆ ಅಗಲವಾದ ಕಲ್ಲನ್ನೇ ಆರಿಸಿ, ಅಪ್ಪನ ಹೆಸರಿನ ಪಕ್ಕ ಅಮ್ಮನ ಹೆಸರನ್ನೂ ಕೆತ್ತಿ, ಕೆಳಗೆ ತಾರೀಖಿಗೆ ಮಾತ್ರ ಜಾಗ ಉಳಿಸಿದ್ದಳು. ಅಷ್ಟು ಒಳ್ಳೆಯ ಕೆಲಸ ಅವಳ ಕೈಯಿಂದ ಆಮೇಲೆ ಆಗಿರಲಿಲ್ಲ. ಅಮ್ಮ ಅದನ್ನು ಬಹಳ ಹೊತ್ತು ನೋಡಿ, "ಇದನ್ನ ಅಳಿಸೋಕಾಗುತ್ತಾ?" ಎಂದು ಕೇಳಿದ್ದಳು. ಬದುಕಿರುವವಳಿಗೆ ತನ್ನ ಹೆಸರು ನೋಡಿ ಮುಜುಗರ, ಪಾಪ. ಮಗಳು ನಕ್ಕಿದ್ದಳು. "ಬಳಪದ ಬರಹ ಅಲ್ಲಮ್ಮ, ಉಳಿಯಿಂದ ಕೆತ್ತಿದ್ದು."

ಈಗ ಬಾಗಿಲ ಹೊರಗೆ ನಿಂತು ಅಮ್ಮನ ಚೌಕಾಸಿ ಕೇಳಬೇಕಾಗಿ ಬಂದಿತ್ತು.

"ಕೆಲವು ಕಡೆ ಸತ್ತ ಹಿರಿಯರೇ ದೇವರು," ಎನ್ನುತ್ತಿದ್ದರು ಮೇಷ್ಟ್ರು. "ಮನೆ ಬಿಟ್ಟು ಹೋಗಲ್ಲ. ಬಾಗಿಲಲ್ಲಿ, ಒಲೆ ಹತ್ತಿರ, ಅಲ್ಲೇ ಇರ್ತಾರೆ."

"ಅಯ್ಯೋ! ಒಲೆ ಹತ್ರಾನೂ?"

"ಇನ್ನು ಕೆಲವರು, ಜೀವ ಮತ್ತೆ ಮತ್ತೆ ಹುಟ್ಟುತ್ತೆ ಅಂತಾರೆ. ಹಳೇ ಋಣದವರು ಮತ್ತೆ ಎದುರಾಗ್ತಾನೇ ಇರ್ತಾರೆ."

"ಸುಸ್ತಾಗಲ್ವಾ ಅವರಿಗೆ?"

ಮೇಷ್ಟ್ರು ನಕ್ಕರು. "ನದಿಯೆಲ್ಲಾ ಸೇರಿ ಒಂದೇ ಸಮುದ್ರ ಆದ ಹಾಗೆ, ಜೀವವೆಲ್ಲಾ ಒಂದರಲ್ಲೇ ಬೆರೆತುಹೋಗುತ್ತೆ ಅನ್ನೋರೂ ಇದಾರಮ್ಮ."

"ಬೆರೆಯೋದಾ? ಯಾರ ಜೊತೆ ಅಂತ ಕೇಳೋ ಹಾಗೂ ಇಲ್ವಾ?"

"ಹಾಗಾದ್ರೆ ನಿಮ್ಮ ಮನೆ ದೇವರೇ ಇದಾನಲ್ಲ. ಅವನು ಎಲ್ಲಾ ನೋಡ್ತಾನೆ."

"ನೋಡ್ತಾನೆ, ಇಲ್ಲ ಅನ್ನಲ್ಲ. ನೋಡ್ಕೊಂಡು ಸುಮ್ನೆ ಕೂತಿರ್ತಾನೆ."

ಮಗಳು ಬಾಗಿಲಿನಿಂದ ಹಿಂದೆ ಸರಿದಳು. ಇದು ಅಮ್ಮ ಆಡುವ ಮಾತಲ್ಲ, ಹೊಟ್ಟೆಯೊಳಗಿನ ಗಡ್ಡೆ ಆಡಿಸುವ ಮಾತು. ಈ ಮನುಷ್ಯ ಅದಕ್ಕೇ ಹೊಂಚುಹಾಕಿ ಕೂತಿದ್ದಾನೆ. ಮೇಷ್ಟ್ರು ಹೊರಬಂದ ಕೂಡಲೇ ಅವಳು ದಾರಿಗೆ ಅಡ್ಡ ನಿಂತಳು.

"ಸಾಯೋರ ತಲೆ ಕೆಡಿಸೋಕೆ ನಾಚಿಕೆ ಆಗಲ್ವಾ ನಿಮಗೆ?"

"ನಾನೇನೂ ಮಾರ್ತಾ ಇಲ್ಲ ತಾಯಿ. ಮಗಳಿಗೆ ಗಂಡು ನೋಡೋ ಹಾಗೆ ಅವರೇ ದೇವರನ್ನ ನೋಡ್ತಿದಾರೆ. ಗುಣ, ರೂಪ ಅವೆಲ್ಲ ಕೇಳೋದೇ ಇಲ್ಲ. ಅಲ್ಲಿ ಮನೇಲಿ ಯಾರ್ಯಾರು ಇರ್ತಾರೆ, ಅಷ್ಟೇ ಬೇಕು ಅವರಿಗೆ."

ಮಗಳ ಕೋಪ ಸರ್ರನೆ ಇಳಿಯಿತು. ಕಣ್ಣು ತುಂಬಿ ಬಂತು. "ಅಪ್ಪ ಎಲ್ಲಿ ಸಿಗ್ತಾರೆ ಅಂತ ಹುಡುಕ್ತಿದಾಳೆ. ಅಲ್ವಾ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. "ಮಧ್ಯಾಹ್ನ ಅವರ ಬಾಯಿಂದಲೇ ಕೇಳಿ."

ಮಧ್ಯಾಹ್ನ ಅಮ್ಮ ತಲೆ ಬಾಚಿಸಿಕೊಂಡು, ದಿಂಬಿಗೆ ಒರಗಿ ಕೂತಿದ್ದಳು. ಮೇಷ್ಟ್ರು ಬಲಗಡೆ ಸ್ಟೂಲು ಎಳೆದುಕೊಂಡರು. ಮಗಳು ಕಾಲ ಬಳಿ ಕೂತಳು.

"ಆ ಕೊನೇದು," ಎಂದಳು ಅಮ್ಮ. "ದೇವರೂ ಇಲ್ಲ, ಪರಲೋಕಾನೂ ಇಲ್ಲ ಅಂದ್ರಲ್ಲ, ಅದು. ಸುಟ್ಟು, ಬೂದಿ ಗಾಳಿಗೆ ಬಿಟ್ಬಿಡಿ. ಕಲ್ಲು ಗಿಲ್ಲು ಏನೂ ಬೇಡ."

ಮಗಳು ಅಮ್ಮನ ಹತ್ತಿರಕ್ಕೆ ಸರಿದಳು.

"ಅಮ್ಮಾ, ಕಲ್ಲಲ್ಲಿ ನಿನ್ನ ಹೆಸರಿದೆ! ನನ್ನ ಕೈಯಾರೆ ಕೆತ್ತಿದ್ದೀನಿ."

"ಚೆನ್ನಾಗಿ ಕೆತ್ತಿದೀಯ."

"ನಿನ್ನನ್ನ ಹೂವಿನ ಹಾಗೆ ನೋಡ್ಕೊಂಡ್ರು ಅಪ್ಪ. ಸಾಯೋ ಹೊತ್ತಲ್ಲಿ ಅವರಿಗೇ ಕೈ ಕೊಡ್ತೀಯಾ? ಅಲ್ಲಿ ಒಬ್ಬರೇ ನಿನಗೋಸ್ಕರ ಕಾಯ್ತಾ ಇರ್ತಾರೆ!"

"ಕಾಯ್ತಾ ಇರ್ತಾರೆ," ಎಂದಳು ಅಮ್ಮ. "ಅದರಲ್ಲಿ ನಂಗೂ ಅನುಮಾನ ಇಲ್ಲ."

ಮಗಳು ಮುಖ ತಿರುಗಿಸಿದಳು. ಮೋಸ. ಇದಕ್ಕೆ ಬೇರೆ ಹೆಸರಿಲ್ಲ. ಹಾಸ್ಟೆಲಿನ ಗೇಟಿನಲ್ಲಿ ತಿರುಗಿಯೂ ನೋಡದೆ ಹೋದ ಅದೇ ಹೆಂಗಸು ಇವಳು.

ಪದ್ಧತಿಯಂತೆ ಮೇಷ್ಟ್ರು ಕಡೆಯ ಸಲ ಕೇಳಿದರು. "ಯೋಚನೆ ಮಾಡಿದೀರಾಮ್ಮ? ಆಮೇಲೆ ಏನೂ ಇಲ್ಲ ಅಂದ್ರೆ ಏನೂ ಇಲ್ಲ. ಮಗಳು, ಗಂಡ, ಯಾರೂ ಯಾರಿಗೂ ಸಿಗಲ್ಲ."

ಮಗಳು ಸಿಗಲ್ಲ ಎಂಬಲ್ಲಿ ಅಮ್ಮನ ತುಟಿ ಅದುರಿತು. ಅವಳು ಕೈ ಚಾಚಿ, ಉಳಿ ಹಿಡಿದು ಒರಟಾದ ಮಗಳ ಬೆರಳುಗಳನ್ನು ಒಂದೊಂದಾಗಿ ಸವರಿದಳು.

"ನೀನು ಸಿಗದಿದ್ರೂ ಪರವಾಗಿಲ್ಲ, ಮಗಳೇ. ನಾನು ಇನ್ನೊಂದು ಸಲ ನಿಮ್ಮಪ್ಪನ ಕೈಗೆ ಸಿಗಬಾರದು."